ಎರಡು ದಿನ ಹಿಂದ

ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೋಗುವಾಗ ನಾನು ಗಾಡಿಯ ಎಡಗಡೆಯ ಕಿಟಕಿಗೆ ಕೂಡ್ರುವುದಿಲ್ಲ. ನಲವತ್ತು ವರ್ಷದಿಂದ ನಡೆಸಿಕೊಂಡು ಬಂದ ಪದ್ಧತಿ ಇದು. ಬಲಗಡೆ ಜಾಗ ಸಿಗದಿದ್ದರೆ ಯಲವಿಗಿ ಸಮೀಪಿಸುವ ಹೊತ್ತಿಗೆ ಎದ್ದು, ಚೀಲದಲ್ಲಿ ಏನೋ ಹುಡುಕುವವನಂತೆ ತಲೆ ತಗ್ಗಿಸುತ್ತೇನೆ. ನನ್ನ ಹೆಂಡತಿ ಇದ್ದಾಗ ಇದನ್ನು ಕಂಡು ನಗುತ್ತಿದ್ದಳು. ಆ ಊರಲ್ಲಿ ಯಾರೋ ನಿಮಗೆ ಹೆಣ್ಣು ಕೊಡುವುದಿಲ್ಲ ಅಂದಿರಬೇಕು, ಅದಕ್ಕೇ ಮುಖ ಮುಚ್ಚಿಕೊಳ್ಳುತ್ತೀರಿ ಎಂದು ಕಾಡುತ್ತಿದ್ದಳು. ಹಾಗೇ ತಿಳಿದುಕೊಳ್ಳಲಿ ಎಂದು ನಾನೂ ಬಿಟ್ಟಿದ್ದೆ.

ಕಳೆದ ಶ್ರಾವಣದಲ್ಲಿ ಗಾಡಿ ಗಿಚ್ಚಿ ತುಂಬಿತ್ತು. ಯಾರೋ ಪುಣ್ಯಾತ್ಮ ಮುದುಕನೆಂದು ನನ್ನನ್ನು ಕೈ ಹಿಡಿದು ಎಡಗಡೆಯ ಕಿಟಕಿಗೇ ಕೂಡ್ರಿಸಿದ. ಯಲವಿಗಿಯಲ್ಲಿ ಎದುರಿನ ಗಾಡಿಗೆ ದಾರಿ ಬಿಡಬೇಕೆಂದು ನಮ್ಮ ಗಾಡಿ ನಿಂತಿತು. ನಿಂತದ್ದು ಹೊರಡಲಿಲ್ಲ. ಚೀಲದಲ್ಲಿ ಎಷ್ಟು ಹೊತ್ತು ಹುಡುಕುವುದು? ನೋಡಬಾರದು ಎಂದುಕೊಂಡೇ ಹೊರಗೆ ನೋಡಿದೆ.

ಹಳಿಯಾಚೆ ಮೊಣಕಾಲೆತ್ತರದ ಜೋಳ. ಆಗತಾನೇ ಮಳೆ ಹೊಳವಾಗಿತ್ತು. ಹೊಲವೆಲ್ಲ ಒಂದು ಬಣ್ಣ. ಅದರ ನಡುವೆ ಕಪ್ಪಿಗೆ ಸಮೀಪದ ಹಸಿರಿನ ಒಂದು ಪಟ್ಟೆ. ಎತ್ತು ನಡೆಯುತ್ತ ಉಚ್ಚೆ ಹೊಯ್ದ ಗೆರೆಯ ಹಾಗೆ ಅದು ಅತ್ತ ಇತ್ತ ಹೊರಳುತ್ತ ಈ ಬದುವಿನಿಂದ ಆ ಬದುವಿಗೆ ಹೋಗಿತ್ತು. ಒಂದು ಕಡೆ ಮಾತ್ರ, ಒಂದು ಚಕ್ಕಡಿಯಷ್ಟು ಉದ್ದ, ಪಟ್ಟೆ ಕಡಿದುಹೋಗಿತ್ತು. ಅಲ್ಲಿಯ ಜೋಳ ಉಳಿದ ಹೊಲದ ಜೋಳದಂತೆಯೇ ಇತ್ತು. ಎದುರಿಗೆ ಕೂತವನು ಅದನ್ನು ನೋಡಿ, ಕೆಳಗೆ ಯಾವುದೋ ಹಳೆಯ ಕಾಲುವೆ ಇರಬೇಕು, ಬೆಳೆ ನೋಡಿದರೆ ಗೊತ್ತಾಗುತ್ತದೆ ಎಂದ. ಆ ಹನ್ನೊಂದು ತಿರುವುಗಳಿಗೆ ಸುಣ್ಣದ ಗೆರೆ ಎಳೆದವನು ನಾನು. ಕಡಿದುಹೋದ ತುಂಡಿನ ಕೆಳಗೆ ಏನಿದೆ ಎಂಬುದೂ ನನಗೆ ಗೊತ್ತು. ಚೀಲ ಎತ್ತಿಕೊಂಡು ಇಳಿದುಬಿಟ್ಟೆ.

ನಲವತ್ತೆರಡನೇ ಇಸವಿಯ ಬೇಸಿಗೆ ಅದು. ನಾನು ಅಕ್ಕಿಆಲೂರಿನವನು. ಅಪ್ಪ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಅವನ ಬೆನ್ನಿನ ಮೇಲೆ ನಾನು ಮ್ಯಾಟ್ರಿಕ್ ದಾಟಿದೆ. ಇಪ್ಪತ್ತೆರಡಕ್ಕೆ ನನಗೆ ಸಿಕ್ಕ ಮೊದಲ ನೌಕರಿ, ಯುದ್ಧದ ಕೃಪೆಯಿಂದ, ಹಂಗಾಮಿ ಕಾರಕೂನನದು. ಪೂರ್ವದ ಕರಾವಳಿಯಲ್ಲಿ ಜಪಾನಿನವರು ಬಾಂಬು ಹಾಕಿದರೆಂಬ ಸುದ್ದಿ ಬಂದದ್ದೇ ತಡ, ರೈಲು ಹಾಯುವ ಊರುಗಳಲ್ಲೆಲ್ಲ ಜನ ಆಕಾಶ ನೋಡುವುದನ್ನು ಕಲಿತರು. ಸ್ಟೇಷನ್ನಿನ ಬದಿಗೆ ಜನ ಅಡಗಿಕೊಳ್ಳಲು ತಗ್ಗು ತೋಡಿಸಬೇಕೆಂದು ಮೇಲಿನಿಂದ ಹುಕುಂ ಬಂತು. ಯಲವಿಗಿಯದನ್ನು ನೋಡಿಕೊಳ್ಳಲು ನನ್ನನ್ನು ಕಳಿಸಿದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಬಂದದ್ದು ಐಶ್ವರ್ಯವಲ್ಲ, ಒಂದು ಹಾಜರಿ ಪುಸ್ತಕ ಮತ್ತು ಅಳತೆಯ ಒಂದು ಟೇಪು. ಆದರೂ ನಾನು ಕೊಡೆ ಹಿಡಿದೆ.

ಸಾಹೇಬರು ಅದನ್ನು ಟ್ರೆಂಚು ಅಂದರು. ಬಂಕಾಪುರದ ಕೋಟೆ ನೋಡಿದ್ದ ನಾನು ಖಂದಕ ಎಂದು ಬರೆದುಕೊಂಡೆ. ತೋಡುವ ಜನ ಮಾತ್ರ ಮೊದಲ ದಿನವೇ ಬಾಂಬಿನ ಕುಣಿ ಎಂದು ಹೆಸರಿಟ್ಟರು. ನಮ್ಮ ಕಡೆ ಕುಣಿ ಎಂದರೆ ಸಸಿ ಊರುವ ತಗ್ಗೂ ಹೌದು, ಹೆಣ ಇಡುವ ತಗ್ಗೂ ಹೌದು. ನೆಟ್ಟಗೆ ತೋಡದೆ ಎತ್ತು ಉಚ್ಚೆ ಹೊಯ್ದ ಹಾಗೆ ಯಾಕೆ ತೋಡಬೇಕು ಎಂದು ಅವರು ಕೇಳಿದರು. ಬಾಂಬು ಒಂದು ತಿರುವಿಗೆ ಬಿದ್ದರೆ ಪಕ್ಕದ ತಿರುವಿನವರಾದರೂ ಉಳಿಯಲಿ ಎಂದು ನಾನು ಪುಸ್ತಕದ ಮಾತು ಹೇಳಿದೆ. ಹಾಗಾದರೆ ಒಂದು ತಿರುವಿನವರು ಸಾಯುವುದು ಖಾತ್ರಿ ಅನ್ನಿ ಎಂದು ಒಬ್ಬ ಅಂದ. ಎಲ್ಲರೂ ನಕ್ಕರು. ನಗದೆ ಉಳಿದವನು ಇಮಾಮಸಾಬ ಒಬ್ಬನೇ.

ಇಮಾಮಸಾಬ ಸವಣೂರಿನವನು. ಮಣ್ಣುಕೆಲಸದ ಜನರೆಲ್ಲ ಮಿಲಿಟರಿ ರಸ್ತೆ ಮಾಡಲು ಹೋಗಿದ್ದರಿಂದ ಸಿಕ್ಕವರನ್ನು ಕರೆತಂದಿದ್ದೆವು. ಅವರಲ್ಲಿ ಇವನೂ ಒಬ್ಬ. ಐವತ್ತೈದರ ಆಚೆಯ ವಯಸ್ಸು, ಒಣಗಿದ ಮೈ, ಗದ್ದದ ತುದಿಗೆ ಮಾತ್ರ ಗಡ್ಡ. ಸವಣೂರಿನ ಖಬರಸ್ತಾನದಲ್ಲಿ ಗೋರಿ ತೋಡುವುದು ಅವನ ಮನೆತನದ ಕೆಲಸ. ಕುಣಿಗೆ ಇಳಿಯುವಾಗ ಚಪ್ಪಲಿ ಬಿಡುತ್ತಿದ್ದ. ಕುಣಿಯಲ್ಲಿ ಉಗುಳುತ್ತಿರಲಿಲ್ಲ, ಉಗುಳುವವರನ್ನು ಬಿಡುತ್ತಲೂ ಇರಲಿಲ್ಲ. ಮೇಲಿನ ಎರೆಮಣ್ಣನ್ನು ಒಂದು ಕಡೆ, ಕೆಳಗಿನ ಕಲ್ಲುಮಣ್ಣಿನ ಗರಸನ್ನು ಇನ್ನೊಂದು ಕಡೆ ಬೇರೆಬೇರೆ ಗುಡ್ಡೆ ಹಾಕುತ್ತಿದ್ದ. ಎರಡನ್ನೂ ಕೂಡಿಸಿ ಒಡ್ಡು ಹಾಕು ಎಂದು ನಾನು ಗದರಿದರೆ ತಲೆಯಾಡಿಸುತ್ತಿದ್ದ, ಮತ್ತೆ ತನ್ನಂತೆಯೇ ಮಾಡುತ್ತಿದ್ದ. ಯಾವ ಮಣ್ಣು ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು, ನೆಲಕ್ಕೆ ಗಾಯ ಆದದ್ದು ನೆಲಕ್ಕೇ ಗೊತ್ತಾಗಬಾರದು ಎನ್ನುವುದು ಅವನ ವಿದ್ಯೆ.

ಅವನ ಒಬ್ಬನೇ ಮಗ ಮೌಲಾ ಪಲ್ಟನ್ನಿನಲ್ಲಿ ಹೇಸರಗತ್ತೆ ನಡೆಸುವ ಕೆಲಸಕ್ಕೆ ಸೇರಿ ಬರ್ಮಾಕ್ಕೆ ಹೋಗಿದ್ದ. ಬಕ್ರೀದಿನ ಹೊತ್ತಿಗೆ ಬಂದ ಒಂದು ಕಾಗದವೇ ಕೊನೆ. ಅಲ್ಲಿಂದ ಜನ ಕಾಡು ಹಾದು ನಡೆದುಬರುತ್ತಿದ್ದಾರೆಂದು ಪತ್ರಿಕೆಯಲ್ಲಿ ಓದಿ ನಾನೇ ಅವನಿಗೆ ಹೇಳುತ್ತಿದ್ದೆ. ಅವನು ಪ್ರತಿದಿನ ಬೆಳಿಗ್ಗೆ ಬಂದವನೇ ಗುದ್ದಲಿ ಮುಟ್ಟುವ ಮೊದಲು ಪತ್ರಿಕೆಯಲ್ಲಿ ಏನು ಬಂದಿದೆ ಎಂದು ಕೇಳುತ್ತಿದ್ದ. ಮೌಲಾ ಜೀವಂತ ಮನೆಗೆ ಬರಬೇಕು. ಇದರ ಹೊರತು ಆ ಮನುಷ್ಯನಿಗೆ ಲೋಕದಿಂದ ಬೇರೇನೂ ಬೇಕಾಗಿರಲಿಲ್ಲ.

ಕೆಲಸ ಶುರುವಾದ ಮೂರನೆಯ ಸಂಜೆ ನೋಡುತ್ತೇನೆ, ಎಲ್ಲರೂ ಹೊರಟ ಮೇಲೆ ಇವನು ಬೇವಿನ ಟೊಂಗೆಗಳ ಹೊರೆ ತಂದು ಪ್ರತಿಯೊಂದು ತಿರುವಿನಲ್ಲೂ ಒಂದೊಂದು ಇಳಿಸುತ್ತಿದ್ದಾನೆ. ಮಕ್ಕಳನ್ನು ಮಲಗಿಸಿದ ಹಾಗೆ ಉದ್ದಕ್ಕೆ ಮಲಗಿಸುತ್ತಿದ್ದ. ಏನು ಮಾರಾಯ, ಟೊಂಗೆಗಳಿಗೂ ಬಾಂಬಿನ ಹೆದರಿಕೆಯೇ ಎಂದು ನಾನು ಗೇಲಿ ಮಾಡಿದೆ. ಅವನು ಕೈ ಒರೆಸಿಕೊಂಡು ನನ್ನೆದುರು ನಿಂತ.

"ತೋಡಿದ ಕುಣಿ ಖಾಲಿ ಬಿಡಬಾರ್ದರಿ ಕಾರಕೂನರ," ಎಂದ. "ಖಾಲಿ ಕುಣಿ ಆಳು ಕೇಳತೈತಿ. ಮದಲ ತೋಡಿದಾಂವನ ಮನ್ಯಾಗಿನವ್ರನ್ನ ಕೇಳತೈತಿ. ನನ್ನ ಮಗ ಹೊರಗ ಅದಾನ್ರಿ."

ಸವಣೂರಿನಲ್ಲಿ ಗೋರಿ ತೋಡಿಟ್ಟು ಹೆಣ ಬರುವುದು ತಡವಾದರೆ ಅದರಲ್ಲಿ ಹಸಿ ಟೊಂಗೆ ಇಡುವುದು ಅವನಪ್ಪನ ಕಾಲದಿಂದ ಬಂದ ರೂಢಿಯಂತೆ. ಇದೇನು ಖುರಾನಿನಲ್ಲಿ ಇದೆಯೇ ಎಂದು ನಾನು ಕೇಳಿದೆ. ಖಾಜಿಸಾಹೇಬರು ಇಲ್ಲ ಅಂತಾರೆ, ಆದರೆ ಅವರು ಒಂದೂ ಕುಣಿ ತೋಡಿಲ್ಲ ಎಂದ. ನನಗೆ ನಗು ಬಂತು. ಇಟ್ಟುಕೋ ಹೋಗು ಎಂದೆ. ದಿನಾ ಸಂಜೆ ಒಣಗಿದ್ದನ್ನು ತೆಗೆದು ಹೊಸದನ್ನು ಇಡುತ್ತಿದ್ದ. ಅದರಲ್ಲೂ ಒಂದು ತಿರುವಿಗೆ ಎಲ್ಲಕ್ಕಿಂತ ದಪ್ಪ ಟೊಂಗೆ. ಅಲ್ಲಿ ಒಂದು ಜಾಲಿಗಿಡ ಅಡ್ಡ ಬಂದಿದ್ದರಿಂದ ನನ್ನ ಗೆರೆ ತಪ್ಪಿ, ಆ ತುಂಡು ಸರಿಯಾಗಿ ಉತ್ತರ ದಕ್ಷಿಣಕ್ಕೆ ಬಿದ್ದಿತ್ತು. ಅವರ ಗೋರಿಗಳು ಮಲಗುವುದು ಹಾಗೆ. ಗೆರೆ ಸ್ವಲ್ಪ ಓರೆ ಮಾಡಿಕೊಡಿರೆಂದು ಅವನು ಎರಡು ಸಲ ಕೇಳಿದ್ದ. ಸುಣ್ಣ ಹಾಕಿದ ಮೇಲೆ ಸರಕಾರದ ಗೆರೆ ಬದಲಾಗುವುದಿಲ್ಲ ಎಂದು ನಾನು ದೊಡ್ಡ ಮಾತಾಡಿದ್ದೆ.

ಆ ವರ್ಷ ಅಧಿಕಮಾಸ ಬಂದು ಕಾರ ಹುಣ್ಣಿಮೆ ತಡವಾಯಿತು. ಆರಿದ್ರಾ ಮಳೆ ಹಿಡಿದುಕೊಂಡಿತ್ತು. ಎರೆಮಣ್ಣಿನ ಗೋಡೆಗಳು ನೆನೆದು ಹೊಟ್ಟೆ ಬಿಡುತ್ತಿದ್ದವು. ತಳದಲ್ಲಿ ನಿಂತ ನೀರಿನಲ್ಲಿ ಕಪ್ಪೆಗಳು ಸಂಸಾರ ಹೂಡಿದ್ದವು. ಹಬ್ಬಕ್ಕೆ ರಜೆ ಕೊಟ್ಟೆ. ಎತ್ತುಗಳಿಗೆ ಬಣ್ಣ ಬಳಿದು, ಓಡಿಸಿ ಕರಿ ಹರಿಸಲು ಎಲ್ಲರೂ ಊರಿಗೆ ಹೋದರು. ಇಮಾಮಸಾಬನೂ ಮೈ ಬೆಚ್ಚಗಾಗಿದೆ ಎಂದು ಹೇಳಿ, ಹೋಗುವ ಮೊದಲು ಎಲ್ಲ ತಿರುವುಗಳಲ್ಲೂ ಎಲೆ ತುಂಬಿದ ಟೊಂಗೆ ಇಟ್ಟು ಸವಣೂರಿಗೆ ನಡೆದ.

ಹುಣ್ಣಿಮೆಯ ದಿನ ಮಧ್ಯಾಹ್ನ ಓವರ್ಸಿಯರರ ಚೀಟಿ ಬಂತು. ಮರುದಿನ ದೊಡ್ಡ ಸಾಹೇಬರು ನೋಡಲು ಬರುತ್ತಾರೆ, ಕಸಕಡ್ಡಿ ಒಂದೂ ಇರಕೂಡದು. ನನ್ನ ನೌಕರಿ ಹಂಗಾಮಿ. ಕಾಯಂ ಆಗುವ ಆಸೆ ನೆತ್ತಿಗೇರಿತ್ತು. ಧೋತರ ಮೇಲೆ ಕಟ್ಟಿ ನಾನೇ ಕುಣಿಗಿಳಿದೆ. ಹನ್ನೊಂದು ಟೊಂಗೆ ತೆಗೆದೆ. ಉತ್ತರ ದಕ್ಷಿಣದ ತುಂಡಿನಲ್ಲಿದ್ದದ್ದು ತೋಯ್ದು ಭಾರವಾಗಿತ್ತು, ಎರಡೂ ಕೈಯಿಂದ ಎತ್ತಬೇಕಾಯಿತು. ಎಸೆಯುವುದಕ್ಕೂ ಒಂದು ಬುದ್ಧಿ ಬೇಕಲ್ಲ. ದಂಡವಾಗುವುದೇಕೆಂದು ಕೋಣೆಗೆ ಒಯ್ದು ಸ್ನಾನದ ನೀರಿನ ಒಲೆಗೆ ಹಾಕಿದೆ. ಹಸಿ ಬೇವು, ಉರಿಗಿಂತ ಹೊಗೆಯೇ ಹೆಚ್ಚು. ಕಣ್ಣು ಉರಿದು ನೀರು ಸುರಿಯಿತು. ಆ ಕಹಿ ಹೊಗೆಯ ವಾಸನೆ ಇವತ್ತಿಗೂ ಎಲ್ಲಾದರೂ ಬಂದರೆ ನನಗೆ ಊಟ ಸೇರುವುದಿಲ್ಲ.

ಮರುದಿನ ಸಾಹೇಬರು ಬಂದು ಒಂದು ಸಿಗರೇಟು ಸೇದುವಷ್ಟು ಹೊತ್ತು ನಿಂತು, ಚೊಕ್ಕಟ ಇದೆ ಎಂದು ಹೇಳಿ ಹೋದರು. ಹುಣ್ಣಿಮೆಯಾಗಿ ನಾಲ್ಕನೆಯ ದಿನ ಇಮಾಮಸಾಬ ಜ್ವರದಿಂದ ಎದ್ದು ಬಂದ. ಖಾಲಿ ಕುಣಿಗಳ ಅಂಚಿನಲ್ಲಿ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದ. ಸಾಹೇಬರ ಹುಕುಂ ಇತ್ತು ಎಂದು ಅವನು ಕೇಳದಿದ್ದರೂ ನಾನೇ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಟೊಂಗೆ ತೆಗೆದದ್ದು ಯಾವತ್ತು ಎಂದಷ್ಟೇ ಕೇಳಿದ. ಹುಣ್ಣಿಮೆಯ ದಿನ ಎಂದೆ. ಬೆರಳು ಮಡಿಸಿ ಎಣಿಸಿದ. ಆಮೇಲೆ ಕುಡಗೋಲು ತೆಗೆದುಕೊಂಡು ಬೇವಿನ ಗಿಡದ ಕಡೆ ಹೋದ. ಆ ದಿನದಿಂದ ಬೆಳಿಗ್ಗೆ ಬಂದು ಪತ್ರಿಕೆಯಲ್ಲಿ ಏನಿದೆ ಎಂದು ಕೇಳುವುದನ್ನು ಬಿಟ್ಟ.

ಆಗಸ್ಟಿನಲ್ಲಿ ಚಳವಳಿ ಎದ್ದಿತು. ಅಲ್ಲಲ್ಲಿ ತಂತಿ ಕಡಿದರು, ಗಾಡಿಗಳು ನಿಂತವು, ಟಪಾಲು ದಾರಿಯಲ್ಲೇ ಕೊಳೆಯಿತು. ನಮ್ಮ ಕುಣಿಗಳಲ್ಲಿ ಜಪಾನಿನ ಬಾಂಬಿಗೆ ಹೆದರಿ ಒಬ್ಬನೂ ಇಳಿಯಲಿಲ್ಲ. ಗಣೇಶ ಚೌತಿ ಸಮೀಪಿಸಿದಾಗ ಒಂದು ದಿನ ಇಮಾಮಸಾಬ ಕೆಲಸದ ಹೊತ್ತಲ್ಲದ ಹೊತ್ತಿನಲ್ಲಿ ಬಂದ. ತಲೆಗೆ ಒಗೆದ ರುಮಾಲು. ಕೈಯಲ್ಲಿ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಕಾಗದ. ಸವಣೂರಿನಲ್ಲಿ ಓದುವವರು ಇದ್ದರು. ನೀವೇ ಓದಬೇಕೆಂದು ತಂದೆ ಎಂದ. ಯಾಕೆ ನಾನೇ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಜಾಲಿಗಿಡದ ಕೆಳಗೆ ಕೂತೆವು. ಕಾಗದ ಚಿಕ್ಕದು. ಮೌಲಾ ಕಾಡು ದಾಟಿ ಈಚೆ ಬಂದಿದ್ದ. ನಡೆದು, ಗಡಿ ದಾಟಿ, ನಮ್ಮ ನೆಲಕ್ಕೇ ಬಂದು ಆಸ್ಪತ್ರೆ ಸೇರಿ, ಅಲ್ಲಿ ತೀರಿಕೊಂಡಿದ್ದ. ತಾರೀಖು ಕೊಟ್ಟಿದ್ದರು. ಕಾರ ಹುಣ್ಣಿಮೆಯ ರಜೆ ಎಂದು ನನ್ನ ಹಾಜರಿ ಪುಸ್ತಕದಲ್ಲಿ ನಾನೇ ಬರೆದ ತಾರೀಖು ಕಣ್ಣಮುಂದೆ ಬಂತು. ಅದಕ್ಕೆ ಎರಡು ಕೂಡಿಸಿದರೆ ಕಾಗದದ ತಾರೀಖು. ಕುಣಿಗಳು ಬರಿದಾಗಿದ್ದ ದಿನಗಳವು. ಮಗ ಹೋದ ಎಂದು ನಾನು ಹೇಗೋ ಹೇಳಿದೆ. ಅದು ಅವನಿಗೆ ಕಾಗದ ಕೈಗೆ ಬಂದಾಗಲೇ ಗೊತ್ತಾಗಿತ್ತು. ಅವನಿಗೆ ಬೇಕಾದದ್ದು ಬೇರೆ.

"ಕಾರ ಹುಣ್ಣಿವಿ ಮುಂದೋ, ಹಿಂದೋ?" ಎಂದ.

ಅವನ ಕಣ್ಣು ನನ್ನ ಬಾಯಿಯ ಮೇಲಿತ್ತು. ಅವನ ಮಗನನ್ನು ಕರೆದದ್ದು ಅವನ ಕೈ ತೋಡಿದ ಕುಣಿಯೋ ಅಲ್ಲವೋ ಎಂಬುದು ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ನನ್ನ ಕೈಯ ಪ್ರಶ್ನೆಯೂ ಅದರಲ್ಲಿತ್ತು, ಸುಳ್ಳೇಕೆ ಹೇಳಲಿ.

"ಹುಣ್ಣಿವಿ ಹಿಂದರಿ," ಎಂದೆ. "ಎರಡು ದಿನ ಹಿಂದ."

ನಮ್ಮ ಮಾತಿನಲ್ಲಿ ಇದು ಎರಡು ಬಾಯಿಯ ಶಬ್ದ. ಹಬ್ಬದ ಹಿಂದಿನ ದಿನ ಎಂದರೆ ಹಬ್ಬಕ್ಕೆ ಮೊದಲಿನ ದಿನ. ಚಕ್ಕಡಿಯ ಹಿಂದ ಬಂದ ನಾಯಿ ಎಂದರೆ ಚಕ್ಕಡಿ ಹೋದ ಮೇಲೆ ಬಂದದ್ದು. ನಾನು ಆಡಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹುಣ್ಣಿಮೆಯ ಬೆನ್ನಿಗೆ ಎರಡು ದಿನಕ್ಕೆ ಅವನು ಸತ್ತದ್ದು ನಿಜ. ಆದರೆ ಎರಡು ದಿನ ಹಿಂದ ಎಂದರೆ ಕೇಳುವವನು ಹೇಗೆ ತಿಳಿಯುತ್ತಾನೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಆ ಶಬ್ದವನ್ನು ಆರಿಸಿಕೊಂಡೆ. ದೇವರೆದುರು ನಿಂತರೂ ನುಣುಚಿಕೊಳ್ಳಲು ಒಂದು ಕಿಂಡಿ ಇರಲಿ ಎನ್ನುವ ಕಾರಕೂನ ಬುದ್ಧಿ ನನಗೆ ಆಗಲೇ ಬಂದಿತ್ತು.

ಅವನು ಉಸಿರು ಬಿಟ್ಟದ್ದು ಕೇಳಿಸಿತು.

"ಹಂಗಾರ ಟೊಂಗಿ ಇದ್ದಾಗ ಹೋಗ್ಯಾನ," ಎಂದ. "ನನ್ನ ಕುಣಿ ಕರೀಲಿಲ್ಲ. ಅಲ್ಲಾನ ಮರ್ಜಿ." ಸ್ವಲ್ಪ ಹೊತ್ತು ಅತ್ತ. ಆಮೇಲೆ ನನ್ನ ಮುಖ ನೋಡಿ, ಮಗನನ್ನು ಕಳಕೊಂಡವನು ನನಗೇ ಸಮಾಧಾನ ಹೇಳಿದ. "ನಿಮ್ಮ ಮ್ಯಾಲೆ ಎರಡ ತಿಂಗಳ ಮನಸಿನ್ಯಾಗ ಸಿಟ್ಟ ಇಟ್ಟಿದ್ನಿ. ತಪ್ಪಾತ್ರಿ. ಹೊಟ್ಟ್ಯಾಗ ಹಾಕ್ಕೋರಿ."

ಅವನು ನನ್ನ ಮೊಣಕಾಲು ಮುಟ್ಟಿದ. ಆಗಲಾದರೂ ನಾನು ಹೇಳಬಹುದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹೆಣವಿಲ್ಲದೆ ಗೋರಿ ಮಾಡುವ ಹಾಗಿಲ್ಲ ಎಂದು ಖಾಜಿಸಾಹೇಬರು ಅಂದರಂತೆ. ಗೋರಿ ಮಾಡುವುದಿಲ್ಲ, ಖಾಲಿ ಬಿಟ್ಟದ್ದನ್ನು ಮುಚ್ಚುತ್ತೇನೆ ಅಷ್ಟೇ ಎಂದು ಇಮಾಮಸಾಬ ನನ್ನನ್ನು ಬಂದು ಕೇಳಿದ. ಸರಕಾರದ ಗೆರೆ ಬದಲಾಗುವುದಿಲ್ಲ ಎಂದ ಬಾಯಿ ಈಗ ಇಲ್ಲ ಅನ್ನಲಿಲ್ಲ. ಉತ್ತರ ದಕ್ಷಿಣದ ತುಂಡಿನಲ್ಲಿ ಇಳಿದು, ಆ ಇಂಗ್ಲಿಷ್ ಕಾಗದವನ್ನು ಬಿಳಿಯ ಅರಿವೆಯಲ್ಲಿ ಸುತ್ತಿ ತಳದಲ್ಲಿಟ್ಟ. ಮೊದಲು ಗರಸು, ಗೇಣಿಗೊಮ್ಮೆ ಕಾಲಿನಿಂದ ತುಳಿದು ಗಟ್ಟಿ ಮಾಡುತ್ತ, ಮೇಲೆ ಎರೆಮಣ್ಣು. ಇದಕ್ಕೇ ಅವನು ಬೇರೆಬೇರೆ ಗುಡ್ಡೆ ಹಾಕಿದ್ದನೋ ಏನೋ ಎನಿಸಿತು. ದಿಬ್ಬ ಮಾಡಲಿಲ್ಲ, ಕಲ್ಲು ಇಡಲಿಲ್ಲ. ಮುಗಿದಾಗ ಅಲ್ಲಿ ಕುಣಿ ಇತ್ತೆಂದು ಯಾರೂ ಹೇಳುವ ಹಾಗಿರಲಿಲ್ಲ. ಮಳೆಗೆ ಒಂದು ತಿರುವು ಕುಸಿದಿದೆ ಎಂದು ನಾನು ವರದಿ ಬರೆದೆ. ಅದು ಪೂರಾ ಸುಳ್ಳು, ಆದರೆ ಅದು ನನ್ನನ್ನು ಒಂದು ದಿನವೂ ಕಾಡಿಲ್ಲ.

ಯುದ್ಧ ಮುಗಿಯುವ ತನಕ ನಾನು ಅಲ್ಲೇ ಇದ್ದೆ. ಮುಸಲ್ಮಾನರ ಚಾಂದಿನ ತಿಂಗಳುಗಳ ಲೆಕ್ಕ ನಮ್ಮ ಹಬ್ಬಗಳಿಗೆ ಹೊಂದದೆ ವರ್ಷ ವರ್ಷ ಸರಿಯುತ್ತದೆ. ಆದರೆ ಇಮಾಮಸಾಬ ಮಗ ಸತ್ತ ದಿನದ ಬರಸಿಯನ್ನು ಮಾತ್ರ ಯಾರೆಷ್ಟು ಹೇಳಿದರೂ ಕೇಳದೆ ಕಾರ ಹುಣ್ಣಿಮೆಗೆ ಗಂಟು ಹಾಕಿಬಿಟ್ಟ. ಹುಣ್ಣಿಮೆಗೆ ಎರಡು ದಿನ ಇರುವಾಗ ಬಂದು, ಆ ಜಾಗದಲ್ಲಿ ಫಾತೇಹ ಕೊಟ್ಟು, ಮಲೀದಾದ ಒಂದು ಮುದ್ದೆ ನನ್ನ ಕೈಗಿಡುತ್ತಿದ್ದ. ಮಲೀದಾ ಎಂದರೆ ನಮ್ಮ ಮಾದಲಿಯ ತಮ್ಮನೇ. ಗೋದಿ, ಬೆಲ್ಲ, ತುಪ್ಪ. ಮೂರು ವರ್ಷ ನಾನು ಅವನೆದುರು ನಿಂತು ಅದನ್ನು ನುಂಗಿದೆ. ಮೂರು ವರ್ಷವೂ ಎರಡು ದಿನ ಕಳೆದು ಹುಣ್ಣಿಮೆ ಬಂದು, ಮತ್ತೆ ಎರಡು ದಿನ ಕಳೆದು ನಿಜವಾದ ದಿನ ಬರುತ್ತಿತ್ತು. ಆ ದಿನ ಆ ಹೊಲದಲ್ಲಿ ನಾನೊಬ್ಬನೇ ಇರುತ್ತಿದ್ದೆ. ಗಾಳಿಗೆ ಜಾಲಿಗಿಡ ಅಲ್ಲಾಡಿದರೂ ಯಾರೋ ಬಂದು ಕಾಯುತ್ತಿದ್ದಾರೆ ಅನಿಸುತ್ತಿತ್ತು.

ಆಮೇಲೆ ಉಳಿದ ಕುಣಿಗಳನ್ನು ಯಾರೋ ಗುತ್ತಿಗೆ ಹಿಡಿದು ಸೆಗಣಿ, ಕಸ, ಕೊಳೆತ ಹುಲ್ಲು ಸಿಕ್ಕದ್ದನ್ನೆಲ್ಲ ತುಂಬಿ ಮುಚ್ಚಿದರು. ಹೊಲ ಮಾಲಕರಿಗೆ ಮರಳಿತು. ನಾನು ಹಾನಗಲ್ಲಿನ ಕಚೇರಿಗೆ ಹೋದೆ, ಕಾಯಂ ಆದೆ. ಹೊರಡುವಾಗ ಇಮಾಮಸಾಬ ಗಾಡಿ ಹತ್ತಿಸಲು ಬಂದಿದ್ದ. ಮಗಳು ಬೀಬಿಜಾನಳನ್ನು ಯಲವಿಗಿಗೇ ಕೊಡುವುದೆಂದು ಮಾತಾಗಿದೆ, ಮೌಲಾನ ಜಾಗ ನೋಡಿಕೊಳ್ಳಲು ಒಬ್ಬರು ಆದ ಹಾಗಾಯಿತು ಎಂದ. ಅದೇ ಕೊನೆಯ ಭೇಟಿ.

ಆ ದೂರದ ಆಸ್ಪತ್ರೆ ಎಲ್ಲಿ, ಯಲವಿಗಿಯ ಕುಣಿ ಎಲ್ಲಿ? ಕಾಡಿನ ಜ್ವರ ಹತ್ತಿದವನು ಟೊಂಗೆ ಇದ್ದರೂ ಸಾಯುತ್ತಾನೆ, ಇಲ್ಲದಿದ್ದರೂ ಸಾಯುತ್ತಾನೆ. ಇದು ನನಗೆ ತಿಳಿಯದ್ದಲ್ಲ. ಬುದ್ಧಿ ಇದನ್ನು ದಿನಾ ಹೇಳುತ್ತದೆ, ಎದೆ ಒಂದು ದಿನವೂ ಕೇಳಿಲ್ಲ. ಹಿರೇಕೆರೂರಿನಲ್ಲಿ ಮನೆ ಕಟ್ಟಿಸುವಾಗ ಬುನಾದಿ ತೋಡಿದ ಸಂಜೆ ಕದ್ದು ಹೋಗಿ ಬೇವಿನ ಟೊಂಗೆ ಇಟ್ಟು ಬಂದೆ. ಓಣಿಯಲ್ಲಿ ನಲ್ಲಿಯ ಪೈಪಿಗೆ ನೆಲ ಅಗೆದರೆ ಒಂದು ಕಡ್ಡಿಯನ್ನಾದರೂ ಒಳಗೆ ಹಾಕದೆ ನಾನು ದಾಟುವುದಿಲ್ಲ. ಮತ್ತೆ, ಆ ಒಂದು ಶಬ್ದವನ್ನು ನಾನು ಬಿಟ್ಟಿದ್ದೇನೆ. ಮೊದಲು ಅನ್ನುತ್ತೇನೆ, ಆಮೇಲೆ ಅನ್ನುತ್ತೇನೆ. ಕಚೇರಿಯಲ್ಲಿ ಕೈಕೆಳಗಿನವರು ಕಾಗದದಲ್ಲಿ ಅದನ್ನು ಬರೆದರೆ ಗೀಟು ಹಾಕುತ್ತಿದ್ದೆ. ಮುದುಕನಿಗೆ ವ್ಯಾಕರಣದ ಹುಚ್ಚು ಎಂದುಕೊಂಡರು.

ಗಾಡಿ ಇಳಿದು ಚಹಾದಂಗಡಿಯಲ್ಲಿ ಬೀಬಿಜಾನಳ ಮನೆ ಕೇಳಿದೆ. ಹತ್ತಿರವೇ ಇತ್ತು. ನಲವತ್ತೆರಡರಲ್ಲಿ ಹತ್ತು ವರ್ಷದವಳು, ಈಗ ತಲೆ ಬೆಳ್ಳಗಾದ ಹೆಂಗಸು. ಯಲವಿಗಿಯ ಖಂದಕದ ಕಾರಕೂನ ಎಂದು ನಾನು ಹೇಳಿದ ಕೂಡಲೇ ಸೆರಗು ಸರಿಮಾಡಿಕೊಂಡು, ಬರ್ರಿ, ಕುಂಡ್ರಿ ಎಂದು ಚಾಪೆ ಹಾಕಿದಳು. ಅಪ್ಪ ಸಾಯುವ ತನಕ ನಿಮ್ಮ ಹೆಸರು ಹೇಳುತ್ತಿದ್ದ ಎಂದಳು. ನಾನು ಕೂಡ್ರಲಿಲ್ಲ. ಹೊಲಕ್ಕೆ ಹೋಗೋಣ ಎಂದೆ.

ಬದುವಿನ ಮೇಲೆ ಇಬ್ಬರೂ ನಡೆದೆವು. ಜಾಲಿಗಿಡ ಇರಲಿಲ್ಲ. ಕಡುಹಸಿರಿನ ಪಟ್ಟೆ ಕಡಿದ ಜಾಗಕ್ಕೆ ಬಂದಾಗ ಅವಳು ಚಪ್ಪಲಿ ಬಿಟ್ಟಳು, ನಾನೂ ಬಿಟ್ಟೆ. ಈ ವರ್ಷವೂ ಹುಣ್ಣಿಮೆಗೆ ಎರಡು ದಿನ ಇರುವಾಗ ಬಂದು ಹೋದೆವು, ಹೊಲದವರು ಒಳ್ಳೆಯವರು, ಅಷ್ಟು ಜಾಗದಲ್ಲಿ ಚಪ್ಪಲಿ ಹಾಕಿ ತುಳಿಯುವುದಿಲ್ಲ ಎಂದಳು. ಅಲ್ಲೇ ನಿಂತು ನಾನು ಎಲ್ಲವನ್ನೂ ಹೇಳಿದೆ. ಟೊಂಗೆ ತೆಗೆದದ್ದು, ಒಲೆಗೆ ಹಾಕಿದ್ದು, ಕಾಗದದ ತಾರೀಖು, ನಾನು ಆರಿಸಿಕೊಂಡ ಶಬ್ದ. ಹೇಳಿ ಮುಗಿದ ಮೇಲೆ ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ.

ಅವಳು ಬಗ್ಗಿ ಜೋಳದ ಬುಡದಲ್ಲಿದ್ದ ಒಂದೆರಡು ಕಳೆ ಕಿತ್ತಳು. ಬೇರಿನ ಮಣ್ಣನ್ನು ಝಾಡಿಸಿ ಅಲ್ಲಿಗೇ ಉದುರಿಸಿದಳು.

"ಅಪ್ಪಗ ನೀವು ಹಂಗ ಹೇಳಿದ್ದು ಛಲೋ ಆತ್ರಿ," ಎಂದಳು. "ಖರೆ ಹೇಳಿದ್ರ ಆ ಜೀವ ಉಳೀತಿದ್ದಿಲ್ಲ. ಆದರ ಅಣ್ಣಗ ಯಾಕ ಹಂಗ ಮಾಡಿದ್ರಿ? ಅಂವನ ದಿನ ಬಂದಾಗ ಇಲ್ಲೆ ಯಾರೂ ಇರತಿದ್ದಿಲ್ಲ. ನಲವತ್ತ ವರ್ಷ ಅಂವನ ದಿನ ಖಾಲಿ ಬಿಟ್ಟೇವಿ ನಾವು."

ಕುಣಿಯನ್ನು ನಾಲ್ಕು ದಿನ ಬರಿದು ಮಾಡಿದ್ದಕ್ಕೆ ಇಷ್ಟು ವರ್ಷ ಹೆದರಿದವನಿಗೆ, ಒಂದು ದಿನವನ್ನು ನಲವತ್ತು ಸಲ ಬರಿದು ಮಾಡಿದ್ದು ಹೊಳೆದೇ ಇರಲಿಲ್ಲ.

ಹಾಗಾದರೆ ಸವಣೂರಿಗೆ ಹೋಗಿ ಇಮಾಮಸಾಬನ ಗೋರಿಯ ಮುಂದೆಯೂ ತಪ್ಪು ಒಪ್ಪಿಕೊಂಡು ಬರುತ್ತೇನೆ ಎಂದೆ.

"ಅಲ್ಲೆ ಒಂದ ಮಾತೂ ಆಡಬ್ಯಾಡ್ರಿ," ಎಂದಳು. "ಅಪ್ಪ ಮಲಗ್ಯಾನ, ಮಲಗಲಿ. ಇಲ್ಲೆ ಹೇಳ್ರಿ. ಅಣ್ಣಗ ಹೇಳ್ರಿ."

ಅವಳು ಬೇವಿನ ಗಿಡ ಹುಡುಕಿಕೊಂಡು ಬದುವಿನ ಕಡೆ ಹೋದಳು. ನಾನು ಮೊಣಕಾಲು ಮಡಿಸಿ, ಯಾವ ಗುರುತೂ ಇಲ್ಲದ ಆ ನೆಲದ ಮೇಲೆ ಕೈಯಿಟ್ಟೆ. ಹಸಿ ಮಣ್ಣು ತಣ್ಣಗಿತ್ತು.

"ಮೌಲಾ," ಎಂದೆ, "ಕಾರ ಹುಣ್ಣಿವಿ ಆದ ಮ್ಯಾಲೆ. ಎರಡು ದಿನ ಆದ ಮ್ಯಾಲೆ."